ತಾರಸಿಯೋ, ಕೆರೆಯ ಏರಿಯೋ, ಚಳ್ಳಕೆರೆಯ ಬಯಲೋ: ಉಲ್ಕಾವೃಷ್ಟಿ ನೋಡುವವರಿಗೂ ಸೆರೆಹಿಡಿಯುವವರಿಗೂ ಒಂದು ಹೋಲಿಕೆ

ಡಿಸೆಂಬರ್ ಸಮೀಪಿಸಿದಂತೆ ದಾವಣಗೆರೆ ಮತ್ತು ಚಿತ್ರದುರ್ಗದ ಪರಿಚಯದವರು ನನ್ನಲ್ಲಿ ಕೇಳುವ ಪ್ರಶ್ನೆಗಳು ಮೇಲ್ನೋಟಕ್ಕೆ ಬೇರೆ ಬೇರೆಯಾಗಿದ್ದರೂ ಒಳಗೆ ಒಂದೇ ಆಗಿರುತ್ತವೆ. ಫೋನಿನಲ್ಲಿ ಉಲ್ಕೆ ಸಿಗುತ್ತದೆಯೇ ಎಂದು ಹಾಸ್ಟೆಲಿನ ಹುಡುಗನೊಬ್ಬ ಕೇಳಿದರೆ, ಮಕ್ಕಳನ್ನು ಕಟ್ಟಿಕೊಂಡು ಊರಾಚೆ ಹೋಗಲೇಬೇಕೇ, ಮನೆಯ ತಾರಸಿ ಸಾಲದೇ ಎಂದು ತಾಯಿಯೊಬ್ಬರು ಕೇಳುತ್ತಾರೆ. ಮದುವೆ ಫೋಟೋ ತೆಗೆಯುವ ಸ್ಟುಡಿಯೊದವರಿಗೆ, ಇರುವ ಕ್ಯಾಮೆರಾಕ್ಕೆ ಇನ್ನೊಂದು ದುಬಾರಿ ಲೆನ್ಸ್ ಕೊಳ್ಳಬೇಕೇ ಎಂಬ ಚಿಂತೆ. ಕೈಯಲ್ಲಿರುವ ಹಣವನ್ನೂ ಸಿಗುವ ಒಂದು ರಾತ್ರಿಯನ್ನೂ ಎಲ್ಲಿ ಹಾಕಿದರೆ ಹೆಚ್ಚು ಚುಕ್ಕಿ ಬೀಳುವುದು ಕಂಡೀತು ಎಂಬುದೇ ಎಲ್ಲರ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹತ್ತಾರು ಸಾವಿರದ ಲೆನ್ಸಿಗಿಂತ ಒಂದು ಸಾವಿರದ ಪೆಟ್ರೋಲು ಹೆಚ್ಚು ಉಲ್ಕೆ ತೋರಿಸುತ್ತದೆ. ಆದರೆ ಎಲ್ಲರಿಗೂ ಹಾಗೆ ಹೊರಡಲು ಆಗುವುದಿಲ್ಲ, ಎಲ್ಲರೂ ಹೊರಡಬೇಕಾಗಿಯೂ ಇಲ್ಲ. ಯಾರು ಹೊರಡಬೇಕು, ಯಾರಿಗೆ ತಾರಸಿಯೇ ಸಾಕು ಎಂದು ತೂಗುವ ಮೊದಲು ತಕ್ಕಡಿಯ ಬಟ್ಟುಗಳನ್ನು ಎದುರಿಗಿಟ್ಟುಕೊಳ್ಳೋಣ.

ಯಾವುದರಿಂದ ಅಳೆಯುವುದು

ಮೊದಲನೆಯದು ಕತ್ತಲು. ಡಿಸೆಂಬರ್ ನಡುವೆ ಬರುವ ಜೆಮಿನಿಡ್ ಉಲ್ಕಾವೃಷ್ಟಿಯಲ್ಲಿ ಗಂಟೆಗೆ 150 ಉಲ್ಕೆ ಎಂದು ಪತ್ರಿಕೆಗಳಲ್ಲಿ ಬರುವ ಸಂಖ್ಯೆ ಸುಳ್ಳಲ್ಲ; ಆದರೆ ಅದು 6.5ರ ಕಾಂತಿಮಾನದವರೆಗಿನ (ಇದು ಹೊಳಪಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಸುಕು) ನಕ್ಷತ್ರಗಳು ಬರಿಗಣ್ಣಿಗೆ ಕಾಣುವಷ್ಟು ಕಪ್ಪಾದ ಆಕಾಶದಲ್ಲಿ, ಉಲ್ಕೆಗಳು ಹೊಮ್ಮುವಂತೆ ತೋರುವ ಉಗಮಬಿಂದು ನೆತ್ತಿಯ ಮೇಲೆಯೇ ಇದ್ದರೆ ಎಂಬ ಷರತ್ತಿನ ಸಂಖ್ಯೆ. ಆಕಾಶ ಒಂದು ಕಾಂತಿಮಾನದಷ್ಟು ಮಸುಕಾದರೆ ಈ ಎಣಿಕೆ ಸುಮಾರು ಎರಡೂವರೆ ಪಟ್ಟು ಕುಸಿಯುತ್ತದೆ. ಪೇಟೆಯ ನಡುವೆ ನಾಲ್ಕರ ಕಾಂತಿಮಾನದವರೆಗೆ ಮಾತ್ರ ನಕ್ಷತ್ರ ಕಾಣುವಲ್ಲಿ ನಿಂತವರಿಗೆ 150ರಲ್ಲಿ ಹತ್ತನೆಯ ಒಂದು ಪಾಲೂ ದಕ್ಕುವುದು ಕಷ್ಟ.

ನಿಮ್ಮ ಆಕಾಶ ಎಷ್ಟು ಕಪ್ಪು ಎಂದು ಅಳೆಯಲು ಯಾವ ಆ್ಯಪ್ ಕೂಡ ಬೇಡ, ಕೃತ್ತಿಕೆ ಸಾಕು. ಡಿಸೆಂಬರಿನ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ನೆತ್ತಿಯ ಬಳಿ ಗೊಂಚಲಾಗಿ ಕಾಣುವ ಆ ನಕ್ಷತ್ರಪುಂಜದಲ್ಲಿ ಆರು ಚುಕ್ಕಿಗಳನ್ನು ಬಿಡಿಬಿಡಿಯಾಗಿ ಎಣಿಸಲು ಬಂದರೆ ನಿಮ್ಮ ಆಕಾಶ 4.3ರ ಕಾಂತಿಮಾನವನ್ನು ಮುಟ್ಟಿದೆ ಎಂದರ್ಥ. ಮೂರು ನಾಲ್ಕಕ್ಕೇ ಎಣಿಕೆ ನಿಂತರೆ ಅದು ಪೇಟೆಯ ಆಕಾಶ. ಎಂಟು ಕಂಡರೆ ಚಾಪೆ ಹಾಸಿ ಮಲಗಿ, ಆ ರಾತ್ರಿ ಬೇರೆ ಜಾಗ ಹುಡುಕಬೇಡಿ.

ಎರಡನೆಯದು ಇಬ್ಬನಿ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೆಟ್ಟವರಲ್ಲಿ ನಾನೂ ಒಬ್ಬ, ಅದನ್ನು ಮುಂದೆ ಹೇಳುತ್ತೇನೆ. ಮೂರನೆಯದು ಅನುಮತಿ ಮತ್ತು ಸುರಕ್ಷತೆ: ರಾತ್ರಿ ಅಲ್ಲಿರಲು ನಿಮಗೆ ಹಕ್ಕಿದೆಯೇ, ಶೌಚಕ್ಕೆ ಏನು ಗತಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಹೆದ್ದಾರಿ 48ರ ಲಾರಿಗಳ ನಡುವೆ ಗಾಡಿ ಓಡಿಸಿಕೊಂಡು ಹಿಂದಿರುಗುವವರು ಯಾರು ಎಂಬುದೆಲ್ಲ ಇದರಲ್ಲೇ ಸೇರುತ್ತದೆ. ದಿಗಂತ ಪೂರ್ತಿ ತೆರೆದಿರಬೇಕು ಎಂಬುದನ್ನು ಹಲವರು ದೊಡ್ಡ ಅಳತೆಗೋಲು ಮಾಡಿಕೊಳ್ಳುತ್ತಾರೆ; ನನ್ನ ಮಟ್ಟಿಗೆ ಅದು ಸಣ್ಣದು, ಏಕೆಂದರೆ ನೋಡಬೇಕಾದ್ದು ದಿಗಂತವನ್ನಲ್ಲ, 45 ಡಿಗ್ರಿಗಿಂತ ಮೇಲಿನ ಆಕಾಶವನ್ನು.

ಯಾವ ಮಳೆ ನಮ್ಮದು

ಇಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಪಾಶ್ಚಾತ್ಯ ಲೇಖನಗಳೆಲ್ಲ ಕೊಂಡಾಡುವ ಪರ್ಸೀಡ್ ಉಲ್ಕಾವೃಷ್ಟಿ ಆಗಸ್ಟ್ 12–13ರಂದು, ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ಆಶ್ಲೇಷ ಮಳೆಯ ಕಾಲದಲ್ಲಿ ಬರುತ್ತದೆ. 2026ರ ಆಗಸ್ಟ್ 12 ಅಮಾವಾಸ್ಯೆಯೇ ಆಗಿದ್ದರೂ ಮೋಡ ಹರಿದರೆ ಮಾತ್ರ ಅದರ ಪ್ರಯೋಜನ, ಅದೂ ಅಲ್ಲದೆ ಅದರ ಉಗಮಬಿಂದು ನಮ್ಮ 14 ಡಿಗ್ರಿ ಅಕ್ಷಾಂಶದಿಂದ 46 ಡಿಗ್ರಿಗಿಂತ ಮೇಲೇರುವುದಿಲ್ಲ. ಹ್ಯಾಲಿ ಧೂಮಕೇತುವಿನ ಧೂಳಿನಿಂದ ಮೇ 5–6ಕ್ಕೆ ಬರುವ ಈಟಾ ಅಕ್ವೇರಿಡ್ ನಮ್ಮ ಅಕ್ಷಾಂಶಕ್ಕೆ ಒಳ್ಳೆಯದೇ. ಆದರೆ ಅದರ ಉಗಮಬಿಂದು ಹುಟ್ಟುವುದೇ ರಾತ್ರಿ ಎರಡರ ನಂತರ, ನಸುಕು ಹರಿಯುವ ಮೊದಲು ಸಿಗುವುದು ಎರಡೂವರೆ ಗಂಟೆ, ಆ ತಿಂಗಳ ಸಂಜೆಯ ಗುಡುಗು ಮಳೆಯ ಮೋಡ ಅದನ್ನೂ ನುಂಗಬಹುದು. ನವೆಂಬರ್ 17–18ರ ಲಿಯೊನಿಡ್‌ಗೆ ಹಳೆಯ ಹೆಸರಿದೆ; 1833 ಮತ್ತು 1966ರಲ್ಲಿ ಅದು ನಿಜಕ್ಕೂ ಬಿರುಮಳೆಯಂತೆ ಸುರಿದಿತ್ತು, ಆದರೆ ಸಾಮಾನ್ಯ ವರ್ಷಗಳಲ್ಲಿ ಗಂಟೆಗೆ ಹತ್ತು ಹದಿನೈದನ್ನು ದಾಟುವುದಿಲ್ಲ.

ಹೀಗಾಗಿ ನಮ್ಮದು ಜೆಮಿನಿಡ್. ಮಿಥುನ ರಾಶಿಯಲ್ಲಿ, ಪುನರ್ವಸುವಿನ ಜೋಡಿ ನಕ್ಷತ್ರಗಳ ಪೈಕಿ ಕ್ಯಾಸ್ಟರ್ ಬಳಿ ಇದರ ಉಗಮಬಿಂದು ಇದೆ. ಅದು ಸಂಜೆ ಎಂಟರ ಸುಮಾರಿಗೆ ಹುಟ್ಟಿ, ನಡುರಾತ್ರಿ ಎರಡೂವರೆಯ ಹೊತ್ತಿಗೆ ನಮ್ಮೂರಿನಿಂದ 71 ಡಿಗ್ರಿ ಎತ್ತರಕ್ಕೆ ಏರುತ್ತದೆ. ಇದರ ತಾಯಿ ಧೂಮಕೇತುವಲ್ಲ, 1983ರಲ್ಲಿ ಪತ್ತೆಯಾದ 3200 ಫೇಥಾನ್ ಎಂಬ ಕ್ಷುದ್ರಗ್ರಹ. ಛಾಯಾಗ್ರಾಹಕರಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇದರ ವೇಗ. ಲಿಯೊನಿಡ್ ಕಣ ಸೆಕೆಂಡಿಗೆ 71 ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ನುಗ್ಗಿದರೆ ಜೆಮಿನಿಡ್ ಕಣದ ವೇಗ ಅದರ ಅರ್ಧ, 35 ಕಿ.ಮೀ. ಮಾತ್ರ. ನಿಧಾನವಾಗಿ ಸರಿಯುವ ಬೆಳಕು ಸೆನ್ಸರಿನ ಒಂದೊಂದು ಬಿಂದುವಿನ ಮೇಲೂ ಹೆಚ್ಚು ಹೊತ್ತು ನಿಲ್ಲುತ್ತದೆ, ಗೆರೆ ಗಟ್ಟಿಯಾಗಿ ಮೂಡುತ್ತದೆ.

ಚಂದ್ರನ ವಿಷಯಕ್ಕೆ ಗೋಡೆಯ ಕ್ಯಾಲೆಂಡರೇ ಸಾಕು. 2026ರ ಡಿಸೆಂಬರ್ 14 ಮಾರ್ಗಶಿರ ಶುದ್ಧ ಷಷ್ಠಿಯ ಆಸುಪಾಸಿಗೆ ಬೀಳುವುದರಿಂದ ಎಳೆಯ ಚಂದ್ರ ರಾತ್ರಿ ಹನ್ನೊಂದರ ಒಳಗೆ ಮುಳುಗಿರುತ್ತಾನೆ, ಅಲ್ಲಿಂದ ನಸುಕಿನವರೆಗೆ ಆಕಾಶ ನಿಮ್ಮದು. ಮರುವರ್ಷ, ಅಂದರೆ 2027ರ ಡಿಸೆಂಬರ್ 13ಕ್ಕೆ ಹುಣ್ಣಿಮೆ. ಲೆನ್ಸ್ ಕೊಳ್ಳುವುದನ್ನು ಮುಂದೂಡಬಹುದು, ಈ ಅಮಾವಾಸ್ಯೆಯ ಪಕ್ಕದ ಜೆಮಿನಿಡ್ ಅನ್ನು ಮುಂದೂಡಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಜಾಗಗಳು

ಮನೆಯ ತಾರಸಿಯಿಂದಲೇ ಆರಂಭಿಸೋಣ. ಖರ್ಚಿಲ್ಲ, ಭಯವಿಲ್ಲ, ಬಾತ್‌ರೂಮು ಕೆಳಗೇ ಇದೆ, ಚಹಾ ಬೇಕೆಂದರೆ ಒಲೆ ಹತ್ತಿರವೇ ಇದೆ. ಮಕ್ಕಳಿಗೆ ನಿದ್ದೆ ಬಂದರೆ ಎತ್ತಿಕೊಂಡು ಹೋಗಿ ಮಲಗಿಸಬಹುದು. ದಾವಣಗೆರೆಯ ಬಡಾವಣೆಯೊಂದರ ಮನೆಯ ಮಾಳಿಗೆಯಲ್ಲಿ ಬೀದಿದೀಪಕ್ಕೆ ಮರೆಯಾಗುವಂತೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತರೆ, ಒಂದರಿಂದ ನಾಲ್ಕು ಗಂಟೆಯ ನಡುವೆ, ಗಂಟೆಗೆ ಹತ್ತರ ಆಸುಪಾಸು ಉಲ್ಕೆಗಳನ್ನು ಕಾಣಬಹುದು, ಮತ್ತು ಅವೆಲ್ಲ ಪ್ರಕಾಶಮಾನವಾದವೇ ಆಗಿರುತ್ತವೆ. ಮೊದಲ ಬಾರಿ ನೋಡುವ ಎಂಟು ವರ್ಷದ ಮಗುವಿಗೆ ಒಂದು ಗಂಟೆಯಲ್ಲಿ ಹತ್ತು ಉಲ್ಕೆ ಎಂದರೆ ಜಾತ್ರೆಯೇ. ಫೋಟೋಗೆ ಮಾತ್ರ ತಾರಸಿ ಬಡ ಜಾಗ: ಐದಾರು ಸೆಕೆಂಡು ಶಟರ್ ತೆರೆದರೆ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ಕುಂದವಾಡ ಕೆರೆ, ಬಾತಿ ಗುಡ್ಡದಂತಹ ಊರಂಚಿನ ಜಾಗಗಳನ್ನು ನಾನು ಪಟ್ಟಿಯಿಂದ ಬಿಡುತ್ತೇನೆ. ಅಲ್ಲಿಗೆ ಹೋಗುವ ಶ್ರಮಕ್ಕೆ ತಕ್ಕಂತೆ ಕತ್ತಲೆ ಹೆಚ್ಚುವುದಿಲ್ಲ. ಕೊಂಡಜ್ಜಿ ಅವುಗಳಿಗಿಂತ ಎಷ್ಟೋ ಮೇಲು. ಗುಡ್ಡಗಳ ಮರೆ ಇದೆ, ನಗರದ ಹೊಳಪು ಒಂದು ಬದಿಯ ದಿಗಂತಕ್ಕೆ ಸೀಮಿತವಾಗುತ್ತದೆ, ಬೈಕಿನಲ್ಲಿ ಹೋಗಿ ಬರಬಹುದು. ರಾತ್ರಿ ಎರಡು ಗಂಟೆಯವರೆಗೆ ಮಾತ್ರ ಸಮಯವಿರುವವರಿಗೆ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರಿಗೆ ಇದು ನಡುದಾರಿ.

ಸೂಳೆಕೆರೆಯ ಮೋಹ ದೊಡ್ಡದು. ಚನ್ನಗಿರಿ ತಾಲ್ಲೂಕಿನ ಆ ಸಮುದ್ರದಂತಹ ಕೆರೆಯ ಏರಿಯ ಮೇಲೆ ನಿಂತರೆ ನೀರಿನಲ್ಲೂ ನಕ್ಷತ್ರಗಳು. ಉಲ್ಕೆಯೊಂದು ಬಿದ್ದು ಅದರ ಗೆರೆ ನೀರಿನಲ್ಲಿಯೂ ಮೂಡಿದ ಚಿತ್ರವನ್ನು ಯಾರಿಗೆ ತಾನೆ ತೆಗೆಯಲು ಆಸೆಯಾಗದು? ನಾನೂ ಒಂದು ಡಿಸೆಂಬರಿನಲ್ಲಿ ಅದೇ ಆಸೆಗೆ ಹೋದೆ. ಹನ್ನೊಂದಕ್ಕೆ ಕ್ಯಾಮೆರಾ ನಿಲ್ಲಿಸಿ, ಲುಬ್ಧಕ ನಕ್ಷತ್ರದ ಮೇಲೆ ಫೋಕಸ್ ಕೂರಿಸಿ, ಫೋಕಸ್ ಉಂಗುರ ಅಲುಗದಂತೆ ಟೇಪು ಅಂಟಿಸಿ, ತಾನಾಗಿ ಒಂದರ ಹಿಂದೊಂದು ಚಿತ್ರ ತೆಗೆಯುವಂತೆ ಹೊಂದಿಸಿ, ಕಂಬಳಿ ಹೊದ್ದು ಕೂತೆ. ಎರಡು ಗಂಟೆಗೆ ಬ್ಯಾಟರಿ ಬದಲಿಸಲು ಎದ್ದಾಗ ಲೆನ್ಸಿನ ಮುಖದ ಮೇಲೆ ಬೆರಳಾಡಿಸಿದರೆ ಬೆರಳು ಒದ್ದೆಯಾಯಿತು. ಮನೆಗೆ ಬಂದು ನೋಡಿದರೆ ಹನ್ನೆರಡೂಕಾಲರ ನಂತರದ ಚಿತ್ರಗಳಲ್ಲೆಲ್ಲ ನಕ್ಷತ್ರಗಳು ಹತ್ತಿ ಉಂಡೆಗಳಂತೆ ಊದಿಕೊಂಡಿದ್ದವು. ನಾನು ಕಣ್ಣಾರೆ ಕಂಡ ಅತ್ಯಂತ ದೊಡ್ಡ ಉಲ್ಕೆ ಒಂದು ಬಿಳಿ ಮಸುಕಾಗಿ ಉಳಿದಿತ್ತು. ನೀರಿನ ಪಕ್ಕದ, ತೋಟಗಳ ನಡುವಿನ ಆ ಜಾಗದಲ್ಲಿ ಇಬ್ಬನಿಯನ್ನು ತಡೆಯುವ ವ್ಯವಸ್ಥೆ ಇಲ್ಲದೆ ಕ್ಯಾಮೆರಾ ಇಡಬಾರದು. ಪವರ್ ಬ್ಯಾಂಕಿಗೆ ಸಿಕ್ಕಿಸಿ ಲೆನ್ಸಿಗೆ ಸುತ್ತುವ ಸಣ್ಣ ಹೀಟರ್ ಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ; ಅದಿಲ್ಲದಿದ್ದರೆ ಅರ್ಧ ಗಂಟೆಗೊಮ್ಮೆ ಎದ್ದು ಒಣ ಬಟ್ಟೆಯಿಂದ ಮೆಲ್ಲನೆ ಒರೆಸುವ ತಾಳ್ಮೆ ಬೇಕು. ಬರಿಗಣ್ಣಿನಲ್ಲಿ ನೋಡುವವರಿಗೆ ಸೂಳೆಕೆರೆಯಲ್ಲಿ ಈ ತೊಂದರೆಯಿಲ್ಲ, ಶೀತವಾಗದಂತೆ ಕಿವಿ ಮುಚ್ಚಿಕೊಂಡರೆ ಸಾಕು.

ಚಿತ್ರದುರ್ಗದ ಕಡೆಗೆ ಬಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಕೋಟೆ ಮತ್ತು ಜೋಗಿಮಟ್ಟಿ. ಎರಡಕ್ಕೂ ನನ್ನ ಉತ್ತರ ಬೇಡ ಎಂಬುದೇ. ಕೋಟೆ ಪುರಾತತ್ವ ಇಲಾಖೆಯ ಆಸ್ತಿ, ಸಂಜೆಗೆ ಬಾಗಿಲು ಹಾಕುತ್ತಾರೆ. ಒಳಗಿದ್ದರೂ ಊರಿನ ಬೆಳಕು ಕಾಲ ಕೆಳಗೇ ಇರುತ್ತದೆ. ಜೋಗಿಮಟ್ಟಿ ಕಾಯ್ದಿಟ್ಟ ಅರಣ್ಯ, ಕರಡಿ ಚಿರತೆಗಳ ಸೀಮೆ, ರಾತ್ರಿ ಅಲ್ಲಿ ಇರುವುದು ತಪ್ಪೂ ಹೌದು, ಅಪಾಯವೂ ಹೌದು. ಸಾಲದ್ದಕ್ಕೆ ಸುತ್ತಲ ಗುಡ್ಡಗಳ ಗಾಳಿಯಂತ್ರಗಳ ನೆತ್ತಿಯಲ್ಲಿ ರಾತ್ರಿಯಿಡೀ ಮಿನುಗುವ ಕೆಂಪು ದೀಪಗಳು ಇಪ್ಪತ್ತು ಸೆಕೆಂಡಿನ ಪ್ರತಿ ಚಿತ್ರದಲ್ಲೂ ಕುಂಕುಮ ಚೆಲ್ಲಿದಂತೆ ಕೂರುತ್ತವೆ. ಹೊಸದುರ್ಗದ ಕಡೆ ಹೋಗುವವರೂ ಹಗಲಿನಲ್ಲೇ ಗಾಳಿಯಂತ್ರಗಳು ಯಾವ ದಿಕ್ಕಿಗಿವೆ ಎಂದು ನೋಡಿಕೊಳ್ಳಬೇಕು. ಹಿರಿಯೂರಿನ ವಾಣಿವಿಲಾಸ ಸಾಗರದ ಅಣೆಕಟ್ಟಿನ ಮೇಲೂ ಕತ್ತಲಾದ ಮೇಲೆ ಇರಲಾಗದು. ಆದರೆ ಹಿನ್ನೀರಿನ ಬದಿಯ ಹಳ್ಳಿಗಳಲ್ಲಿ ನೆಂಟರ ಮನೆಯಿದ್ದರೆ ಅದು ಒಳ್ಳೆಯ ಜಾಗವೇ. ಮಾರಿಕಣಿವೆಯ ಗುಡ್ಡಗಳು ದಿಗಂತವನ್ನು ಮರೆಮಾಡುತ್ತವೆ ಎಂಬ ಆಕ್ಷೇಪಕ್ಕೆ ಜೆಮಿನಿಡ್ ಮಟ್ಟಿಗೆ ಅರ್ಥವಿಲ್ಲ. ಇಬ್ಬನಿಯ ಮಾತು ಮಾತ್ರ ಅಲ್ಲಿಗೂ ಅನ್ವಯಿಸುತ್ತದೆ.

ಕೊನೆಯದು ನನ್ನ ಆಯ್ಕೆ: ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹರಡಿರುವ ಬಯಲು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದಾದ ಇಲ್ಲಿ ಗಾಳಿ ಒಣಗಿರುತ್ತದೆ, ಇಬ್ಬನಿ ಕಡಿಮೆ, ಮತ್ತು ಡಿಸೆಂಬರಿನ ಹೊತ್ತಿಗೆ ಶೇಂಗಾ ಕಿತ್ತು ಹೊಲಗಳು ಬರಿದಾಗಿರುತ್ತವೆ. ಬರದ ನಾಡು ಎಂದು ಬೈಸಿಕೊಳ್ಳುವ ನೆಲಕ್ಕೆ ಆಕಾಶ ಮಾತ್ರ ಧಾರಾಳ. ಇಲ್ಲಿ ಚಂದ್ರ ಮುಳುಗಿದ ಮೇಲೆ ಗಂಟೆಗೆ ಅರವತ್ತರಿಂದ ಎಂಬತ್ತು ಉಲ್ಕೆಗಳನ್ನು ಎಣಿಸುವುದು ಅತಿಯಾಸೆಯಲ್ಲ.

ಆದರೆ ಈ ಬಯಲಿಗೂ ಬೆಲೆಯಿದೆ. ದಾರಿಯಲ್ಲಿ ಕಂಡ ಯಾವುದೋ ಹೊಲಕ್ಕೆ ನುಗ್ಗುವಂತಿಲ್ಲ. ಪರಿಚಯದವರ ಹೊಲ, ಅದೂ ಕಣವಿದ್ದರೆ ಇನ್ನೂ ಒಳ್ಳೆಯದು, ಮೊದಲೇ ಹೇಳಿ ಹೋಗಬೇಕು. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಸುತ್ತಮುತ್ತ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಬೇಲಿಗಳಿವೆ, ಅವುಗಳ ಹತ್ತಿರ ಟ್ರೈಪಾಡ್ ನಿಲ್ಲಿಸಿ ಕಾವಲಿನವರಿಗೆ ಉತ್ತರ ಹೇಳುವ ಉಸಾಬರಿ ಬೇಡ. ಕಾಲುದಾರಿಯ ಬಳ್ಳಾರಿ ಜಾಲಿಯ ಮುಳ್ಳು ಬೈಕಿನ ಟಯರನ್ನು ಕೇಳಿಯೇ ಚುಚ್ಚುವುದಿಲ್ಲ. ಮಕ್ಕಳಿದ್ದರೆ, ವಯಸ್ಸಾದವರಿದ್ದರೆ ಬಯಲು ಕಷ್ಟ; ಹೊಲದ ಮನೆಯ ಆಸರೆ ಇದ್ದರೆ ಮಾತ್ರ ಯೋಚಿಸಬಹುದು. ಮತ್ತೆ, ನಡುರಾತ್ರಿ ಹಿಂದಿರುಗುವ ಲೆಕ್ಕ ಹಾಕಿಕೊಂಡು ಹೋಗಬಾರದು, ಬೆಳಗಾಗುವವರೆಗೆ ಅಲ್ಲೇ ಇದ್ದು ಒಂದು ನಿದ್ದೆ ತೆಗೆದೇ ಹೊರಡಬೇಕು.

ಅಲ್ಲಿ ಒಮ್ಮೆ ರಾತ್ರಿ ಒಂದರ ಸುಮಾರಿಗೆ ದೂರದಿಂದ ಟಾರ್ಚಿನ ಬೆಳಕೊಂದು ನೇರ ನನ್ನ ಲೆನ್ಸಿಗೇ ಹೊಡೆಯಿತು. ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟ್ ಬಂತೆಂದು ಮೋಟಾರು ಹಾಕಲು ಹೊರಟಿದ್ದ ಪಕ್ಕದ ಹೊಲದ ಹಿರಿಯರು.

"ಯಾರಪ್ಪಾ ಅದು, ಇಷ್ಟೊತ್ನಾಗೆ?"

ವಿಷಯ ಹೇಳಿದೆ. ಅವರು ನಕ್ಕರು. "ಚುಕ್ಕಿ ಬೀಳಾದ್ ನೋಡಾಕೆ ಅಲ್ಲಿಂದ ಬಂದೀರಾ? ನಾವು ನೀರ್ ಕಟ್ಟಾಕ್ ಬಂದಾಗ್ಲೆಲ್ಲಾ ನೋಡ್ತೀವಲ್ಲ."

"ಎಷ್ಟು ಕಾಣ್ತಾವೆ ಯಜಮಾನ್ರೇ?"

"ಒಂದೋ ಎಲ್ಡೋ."

ಟಾರ್ಚ್ ಆರಿಸಿ ಬದುವಿನ ಮೇಲೆ ಕೂತವರು ಬೀಡಿ ಮುಗಿಯುವಷ್ಟರಲ್ಲಿ ಒಂಬತ್ತು ಎಣಿಸಿದರು. ಮೋಟಾರು ಹಾಕಲು ಆ ರಾತ್ರಿ ತಡವಾಯಿತು. ಆ ಟಾರ್ಚಿನಿಂದ ನನಗೆ ಹೋದದ್ದು ಒಂದೇ ಚಿತ್ರ. ಆದರೆ ಕಣ್ಣಿಗೆ ಮತ್ತೆ ಕತ್ತಲು ಹೊಂದಲು ಇಪ್ಪತ್ತು ನಿಮಿಷ ಬೇಕಾಯಿತು. ನಿಮ್ಮ ಸ್ವಂತ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಳ್ಳಿ, ಫೋನಿನ ಪರದೆಯನ್ನು ಮುಟ್ಟಬೇಡಿ ಎಂಬ ಮಾತನ್ನು ನಾನು ಎಲ್ಲ ಜಾಗಗಳಿಗೂ ಸೇರಿಸುತ್ತೇನೆ.

ಕಣ್ಣೋ, ಫೋನೋ, ಕ್ಯಾಮೆರಾವೋ

ಉಪಕರಣಗಳ ವಿಷಯದಲ್ಲಿ ಒಂದು ಸೂಕ್ಷ್ಮ ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ. ನಕ್ಷತ್ರ ಒಂದೇ ಕಡೆ ನಿಂತಿರುತ್ತದೆ, ಶಟರ್ ಹೆಚ್ಚು ಹೊತ್ತು ತೆರೆದಷ್ಟೂ ಅದರ ಬೆಳಕು ಸೇರುತ್ತಾ ಹೋಗುತ್ತದೆ. ಉಲ್ಕೆ ಹಾಗಲ್ಲ, ಅರ್ಧ ಸೆಕೆಂಡಿನಲ್ಲಿ ಹಾದು ಹೋಗಿರುತ್ತದೆ; ಐದು ಸೆಕೆಂಡು ತೆರೆದರೂ ಮೂವತ್ತು ಸೆಕೆಂಡು ತೆರೆದರೂ ಅದರ ಗೆರೆ ಅಷ್ಟೇ ಪ್ರಕಾಶದಲ್ಲಿ ಮೂಡುತ್ತದೆ, ಹಿನ್ನೆಲೆಯ ಆಕಾಶ ಮಾತ್ರ ಬೆಳಗುತ್ತದೆ. ಹಾಗಾಗಿ ಮಸುಕಾದ ಉಲ್ಕೆ ಸಿಗುವುದು ಲೆನ್ಸಿನ ಬೆಳಕು ಒಳಬಿಡುವ ರಂಧ್ರದ ನಿಜವಾದ ಅಗಲದಿಂದ. ಲೆನ್ಸಿನ ಮಿ.ಮೀ. ಸಂಖ್ಯೆಯನ್ನು ಅದರ ಎಫ್ ಸಂಖ್ಯೆಯಿಂದ ಭಾಗಿಸಿದರೆ ಆ ಅಗಲ ಸಿಗುತ್ತದೆ. ಇನ್ನೊಂದು ಕಡೆ, ಲೆನ್ಸ್ ಎಷ್ಟು ಅಗಲದ ಆಕಾಶವನ್ನು ನೋಡುತ್ತದೆಯೋ ಅಷ್ಟು ಉಲ್ಕೆಗಳು ಅದರ ಚೌಕಟ್ಟಿಗೆ ಬೀಳುವ ಸಾಧ್ಯತೆ. ಈ ಎರಡೂ ಒಂದಕ್ಕೊಂದು ವಿರುದ್ಧ ಎಳೆಯುತ್ತವೆ, ಎಲ್ಲ ಲೆನ್ಸುಗಳ ಜಗಳವೂ ಇಷ್ಟೇ.

ಈ ಲೆಕ್ಕದಲ್ಲಿ ಫೋನನ್ನು ನೋಡಿ. ಅದರ ರಂಧ್ರದ ನಿಜವಾದ ಅಗಲ ಮೂರು ನಾಲ್ಕು ಮಿ.ಮೀ.; ಕತ್ತಲೆಗೆ ಹೊಂದಿಕೊಂಡ ಹರೆಯದ ಕಣ್ಣಿನ ಪಾಪೆ ಏಳು ಮಿ.ಮೀ. ವರೆಗೆ ಅರಳುತ್ತದೆ. ಹಾಸ್ಟೆಲಿನ ಹುಡುಗನಿಗೆ ನಾನು ಹೇಳುವುದು ಇಷ್ಟು: ನಿನ್ನ ಕಣ್ಣಿಗೆ ಕಾಣುವ ಹೆಚ್ಚಿನ ಉಲ್ಕೆಗಳು ಫೋನಿಗೆ ಕಾಣುವುದಿಲ್ಲ, ಆದರೆ ನೀನು ಹೋ ಎಂದು ಕೂಗುವಷ್ಟು ದೊಡ್ಡದು ಬಿದ್ದರೆ ಸಿಗುತ್ತದೆ. ಶಟರ್, ಫೋಕಸ್‌ಗಳನ್ನು ನಾವೇ ಹೊಂದಿಸಬಹುದಾದ ಪ್ರೊ ಮೋಡ್ ಇರುವ ಫೋನು, ಸಾವಿರ ರೂಪಾಯಿ ಆಸುಪಾಸಿನ ಸ್ಟ್ಯಾಂಡು, ಹದಿನೈದು ಸೆಕೆಂಡಿನ ಶಟರ್, 1600 ಅಥವಾ 3200 ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ), ಫೋಕಸ್ ಅನಂತಕ್ಕೆ. ತಾನಾಗಿ ಹಲವು ಚಿತ್ರಗಳನ್ನು ಬೆಸೆಯುವ ನೈಟ್ ಮೋಡ್ ಒಂದೇ ಚಿತ್ರದಲ್ಲಿ ಮೂಡಿದ ಗೆರೆಯನ್ನು ಕಸವೆಂದು ತಿಳಿದು ಒರೆಸಿಬಿಡಬಹುದು, ಅದನ್ನು ನಂಬಬೇಡ.

ಹಳೆಯ ಡಿಎಸ್‌ಎಲ್‌ಆರ್ ಮತ್ತು ಅದರ ಜೊತೆಗೆ ಬರುವ 18–55 ಲೆನ್ಸ್ ಮನೆಯಲ್ಲಿದ್ದರೆ ಅದನ್ನು ಹಗುರವಾಗಿ ಕಾಣಬೇಡಿ. 18 ಮಿ.ಮೀ.ಗೆ, ಎಫ್ 3.5ಕ್ಕೆ ಇಟ್ಟರೆ ರಂಧ್ರ ಐದು ಮಿ.ಮೀ. ಆಗುತ್ತದೆ, ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವ 14 ಮಿ.ಮೀ. ಎಫ್ 2.8 ಲೆನ್ಸಿನ ರಂಧ್ರವೂ ಸರಿಯಾಗಿ ಐದೇ. ದುಬಾರಿ ಲೆನ್ಸ್ ಹೆಚ್ಚು ಆಕಾಶವನ್ನು ತೋರಿಸುತ್ತದೆ, ಚೌಕಟ್ಟಿಗೆ ಹೆಚ್ಚು ಉಲ್ಕೆ ಬೀಳುತ್ತವೆ, ಹಿನ್ನೆಲೆಯಲ್ಲಿ ಇಡೀ ಗುಡ್ಡ ಬರುತ್ತದೆ, ಅದೆಲ್ಲ ನಿಜ. ಆದರೆ ಮಸುಕಾದ ಉಲ್ಕೆಯನ್ನು ಹಿಡಿಯುವ ಶಕ್ತಿಯಲ್ಲಿ ನಿಮ್ಮ ಹಳೆಯ ಲೆನ್ಸಿಗಿಂತ ಅದು ಎಳ್ಳಷ್ಟೂ ಮೇಲಲ್ಲ.

ಅಗ್ಗದ ಲೆನ್ಸುಗಳಲ್ಲಿ ಹೆಸರಾದ 50 ಮಿ.ಮೀ. ಎಫ್ 1.8 ಇದಕ್ಕೆ ತದ್ವಿರುದ್ಧ. ಅದರ ರಂಧ್ರ 28 ಮಿ.ಮೀ., ಹಾಗಾಗಿ ಕಣ್ಣಿಗೆ ಕಾಣದ ಉಲ್ಕೆಯೂ ಅದಕ್ಕೆ ಸಿಕ್ಕೀತು. ಆದರೆ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಅದು ನೋಡುವುದು 27 ಡಿಗ್ರಿ ಅಗಲದ ಆಕಾಶವನ್ನು ಮಾತ್ರ, ಅಂದರೆ ಚಾಚಿದ ತೋಳಿನ ತುದಿಯಲ್ಲಿ ಹಿಡಿದ ಒಂದು ಗೇಣಿಗಿಂತ ತುಸು ಹೆಚ್ಚು. ಒಂದು ರಾತ್ರಿಗೆ ಒಂದೇ ಕ್ಯಾಮೆರಾ ಇರುವವರಿಗೆ ಇದು ಜೂಜು. ಎರಡನೆಯ ಕ್ಯಾಮೆರಾ ಇದ್ದರೆ ಅದಕ್ಕೆ ಹಾಕಿ.

ಮದುವೆ ಫೋಟೋದವರಿಗೆ ನನ್ನ ಉತ್ತರ ಅವರಿಗೆ ಇಷ್ಟವಾಗುವಂತಿದೆ: ಏನೂ ಕೊಳ್ಳಬೇಡಿ. ನಿಮ್ಮ ಬ್ಯಾಗಿನಲ್ಲಿರುವ 24–70 ಎಫ್ 2.8 ಅನ್ನು 24ಕ್ಕೆ ಇಟ್ಟರೆ ರಂಧ್ರ ಎಂಟೂವರೆ ಮಿ.ಮೀ., ಪೂರ್ಣ ಸೆನ್ಸರಿನಲ್ಲಿ ಆಕಾಶ 74 ಡಿಗ್ರಿ ಅಗಲ. ಹೊಸ 14 ಮಿ.ಮೀ.ಗಿಂತ ಉಲ್ಕೆಗೆ ಇದೇ ಮೇಲು. 35 ಮಿ.ಮೀ. ಎಫ್ 1.4 ಇದ್ದರಂತೂ ಬೇರೆ ಮಾತೇ ಬೇಡ. 85 ಮಿ.ಮೀ. ಅನ್ನು ಮಾತ್ರ ಮನೆಯಲ್ಲೇ ಬಿಡಿ. ಇವರ ತೊಂದರೆ ಬೇರೆಯದು. ಧನುರ್ಮಾಸ ಹಿಡಿಯುವುದು ಡಿಸೆಂಬರ್ 16ಕ್ಕೆ, ಅದರ ಹಿಂದಿನ ಮುಹೂರ್ತಗಳಿಗೆ ನೂಕುನುಗ್ಗಲು. ಉಲ್ಕೆಗಳು ಬೀಳುವ ರಾತ್ರಿಯೇ ಆರತಕ್ಷತೆ ಇದ್ದರೆ ಲೆನ್ಸಿನಿಂದ ಆಗುವುದೇನಿದೆ? ಬಾಡಿಗೆಗೆ ಕ್ಯಾಮೆರಾ ತರುವವರೂ ಇದನ್ನೇ ನೆನಪಿಡಬೇಕು: ಆ ವಾರ ಬಾಡಿಗೆಯ ಸಾಮಾನು ಮದುವೆಮನೆಗಳಲ್ಲಿರುತ್ತದೆ, ನವೆಂಬರಿನಲ್ಲೇ ಮಾತಾಡಿಕೊಳ್ಳಿ.

ಯಾವ ಕ್ಯಾಮೆರಾ ಆದರೂ ಹೊಂದಿಸುವ ಕ್ರಮ ಒಂದೇ. ರಂಧ್ರ ಪೂರ್ತಿ ತೆರೆದು, ಐಎಸ್‌ಒ 1600ರಿಂದ 3200, ಶಟರ್ ಬಯಲಿನಲ್ಲಿ ಹದಿನೈದರಿಂದ ಇಪ್ಪತ್ತು ಸೆಕೆಂಡು, ತಾರಸಿಯಲ್ಲಿ ಐದು. ಲೆನ್ಸಿನ ಅಲುಗಾಟ ತಡೆಯುವ ಗುಂಡಿಯನ್ನೂ, ದೀರ್ಘ ಚಿತ್ರದ ಗದ್ದಲ ಕಡಿಮೆ ಮಾಡುವ ಆಯ್ಕೆಯನ್ನೂ ಆಫ್ ಮಾಡಿ, ಏಕೆಂದರೆ ಆ ಎರಡನೆಯದು ಪ್ರತಿ ಚಿತ್ರದ ನಂತರ ಅಷ್ಟೇ ಹೊತ್ತು ಕ್ಯಾಮೆರಾವನ್ನು ಕುರುಡಾಗಿಸುತ್ತದೆ. ಇಪ್ಪತ್ತು ಸೆಕೆಂಡಿನಂತೆ ಐದು ಗಂಟೆಗೆ 900 ಚಿತ್ರಗಳು, ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಕಡತವಾದರೆ 32 ಜಿಬಿಯ ಕಾರ್ಡು ಬಹುತೇಕ ತುಂಬುತ್ತದೆ. ಕ್ಯಾಮೆರಾವನ್ನು ಪುನರ್ವಸುವಿನತ್ತಲೇ ತಿರುಗಿಸಬೇಡಿ. ಅಲ್ಲಿ ಗೆರೆಗಳು ಮೊಟಕಾಗಿರುತ್ತವೆ, ನಲವತ್ತು ಐವತ್ತು ಡಿಗ್ರಿ ಪಕ್ಕಕ್ಕೆ ಸರಿದರೆ ಉದ್ದವಾಗುತ್ತವೆ. ಬರಿಗಣ್ಣಿನವರಿಗೆ ಈ ಯಾವ ರಗಳೆಯೂ ಇಲ್ಲ: ಚಾಪೆ, ದಿಂಬು, ಚಳ್ಳಕೆರೆಯ ಕುರಿ ಕಂಬಳಿ. ದುರ್ಬೀನು, ದೂರದರ್ಶಕ ಬೇಡವೇ ಬೇಡ, ಅವು ಆಕಾಶವನ್ನು ಕಿರಿದು ಮಾಡುತ್ತವೆ.

ಯಾರಿಗೆ ಯಾವುದು

ಆರು ಏಳು ವರ್ಷದ ಮಕ್ಕಳಿರುವ ಮನೆಯವರು ತಾರಸಿಯಲ್ಲಿ ಬರಿಗಣ್ಣಿಗೆ ನಿಲ್ಲಲಿ. ಮಕ್ಕಳನ್ನು ಬೇಗ ಮಲಗಿಸಿ ಒಂದೂವರೆಗೆ ಎಬ್ಬಿಸುವುದು ಒಳ್ಳೆಯದು, ಒಂಬತ್ತು ಗಂಟೆಗೆ ಕೂರಿಸಿ ಬೇಸರ ಹಿಡಿಸುವುದಲ್ಲ. ಹಳ್ಳಿಯಲ್ಲಿ ಅಜ್ಜಿಮನೆ ಇದ್ದವರಿಗೆ ಈ ಲೇಖನವೇ ಬೇಕಿಲ್ಲ, ಅಲ್ಲಿಯ ಅಂಗಳ ಪೇಟೆಯ ಯಾವ ತಾರಸಿಗಿಂತಲೂ ಮೇಲು. ಫೋನು ಮಾತ್ರ ಇರುವ ವಿದ್ಯಾರ್ಥಿಗಳು ನಾಲ್ವರು ಸೇರಿ ಕೊಂಡಜ್ಜಿಯ ಕಡೆಗೋ, ಯಾರದಾದರೂ ಊರಿಗೋ ಹೋದರೆ ಖರ್ಚು ಹಂಚಿಹೋಗುತ್ತದೆ, ಫೋನುಗಳನ್ನು ನಾಲ್ಕು ದಿಕ್ಕಿಗೆ ಇಟ್ಟು ಒಂದು ಅಗಲ ಲೆನ್ಸಿನ ಕೆಲಸ ಮಾಡಿಸಬಹುದು. ಕ್ಯಾಮೆರಾ ಇದ್ದು ಒಂದು ಗಟ್ಟಿ ಚಿತ್ರ ಬೇಕೆನ್ನುವವರು ಬಯಲಿಗೇ ಹೋಗಲಿ. ಎರಡೂ ಊರುಗಳಲ್ಲಿ ಗೆಳೆಯರಿದ್ದರೆ ಇನ್ನೊಂದು ಸೊಗಸಿದೆ. ಉಲ್ಕೆ ಉರಿಯುವುದು ನೆಲದಿಂದ ಸುಮಾರು 100 ಕಿ.ಮೀ. ಎತ್ತರದಲ್ಲಿ, ದಾವಣಗೆರೆಗೂ ಚಿತ್ರದುರ್ಗಕ್ಕೂ ಇರುವ ಸುಮಾರು 60 ಕಿ.ಮೀ. ಅಂತರದಿಂದ ಒಂದೇ ಉಲ್ಕೆಯನ್ನು ಇಬ್ಬರೂ ಸೆರೆಹಿಡಿದರೆ, ನಕ್ಷತ್ರಗಳ ನಡುವೆ ಅದರ ಜಾಗ ಮೂವತ್ತು ಡಿಗ್ರಿಯವರೆಗೂ ಬೇರೆಯಾಗಿ ಕಾಣಬಹುದು, ಅದರಿಂದ ಎತ್ತರವನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು.

ಉಳಿದದ್ದು 13ರ ರಾತ್ರಿಯೋ 14ರ ರಾತ್ರಿಯೋ ಎಂಬ ಆಯ್ಕೆ. 2026ರಲ್ಲಿ ಜೆಮಿನಿಡ್ ಗರಿಷ್ಠಕ್ಕೆ ಏರುವುದು ನಮ್ಮ ಕಾಲಮಾನದಲ್ಲಿ 14ರ ಸಂಜೆಯ ಸುಮಾರಿಗೆ. 13 ಭಾನುವಾರ, 14 ಸೋಮವಾರ. ಭಾನುವಾರ ರಾತ್ರಿ ಗರಿಷ್ಠಕ್ಕಿಂತ ಮುಂಚಿನದು, ಮಸುಕಾದ ಉಲ್ಕೆಗಳ ಪಾಲು ಹೆಚ್ಚು. ಸೋಮವಾರ ರಾತ್ರಿ ದೊಡ್ಡವು ಹೆಚ್ಚು, ಆದರೆ ಗರಿಷ್ಠ ದಾಟಿದ ಮೇಲೆ ಈ ಮಳೆ ಬೇಗ ಇಳಿಯುವುದರಿಂದ ನಡುರಾತ್ರಿಯ ಆಸುಪಾಸಿನ ಗಂಟೆಗಳನ್ನು ಕಳೆದುಕೊಳ್ಳಬಾರದು. ಕ್ಯಾಮೆರಾದವರಿಗೆ ಸೋಮವಾರ ಮೇಲು, ತಾರಸಿಯವರಿಗೂ ಅದೇ, ಏಕೆಂದರೆ ಇಬ್ಬರಿಗೂ ಬೇಕಾದ್ದು ದೊಡ್ಡ ಉಲ್ಕೆ. ರಜೆ ಒಂದೇ ದಿನ ಸಿಗುವುದಾದರೆ ಮಂಗಳವಾರಕ್ಕೆ ಹಾಕಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಕವಿಯುವ ಸೂಚನೆ ಶನಿವಾರವೇ ಕಂಡರೆ ಮಾತ್ರ, ಭಾನುವಾರ ಆಕಾಶ ತೆರೆದಿರುವಾಗಲೇ ಹೊರಟುಬಿಡಿ.